ಬಿಳಿಗಿರಿಯ ಕಾಡು, ಸೋಲಿಗರ ಬಾಳು

ಬಿಳಿಗಿರಿರಂಗನ ಬೆಟ್ಟದ ದೇವರನ್ನು ಬಯಲುಸೀಮೆಯ ಭಕ್ತರು ಸ್ವಾಮಿ ಎನ್ನುತ್ತಾರೆ. ಅದೇ ಕಾಡಿನ ಸೋಲಿಗರಿಗೆ ಅವನು ಭಾವ. ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ರಂಗ ಅವರ ಮನೆಯ ಅಳಿಯನಾದನೆಂಬುದು ತಲೆಮಾರುಗಳಿಂದ ಹಾಡಿಕೊಂಡು ಬಂದ ಕಥೆ. ಕಾಡಿನೊಡನೆಯೂ ಸೋಲಿಗರದು ಇಂಥದೇ ನಂಟು. ಭಾರ್ಗವಿ ನದಿಯ ದಂಡೆಯ ದೊಡ್ಡ ಸಂಪಿಗೆ ಮರ ಅವರಿಗೆ ದೇವರು. ಒಂದೊಂದು ಕುಲಕ್ಕೂ ತನ್ನದೇ ಆದ ಪೂಜಾಸ್ಥಳಗಳು ಕಾಡಿನೊಳಗಿವೆ. ಈ ನಂಟಿಗೆ ಕಾಯಿದೆಯಲ್ಲಿ ಎಷ್ಟು ಜಾಗವಿದೆ ಎಂಬ ಪ್ರಶ್ನೆಯೇ ಕಳೆದ ಅರ್ಧ ಶತಮಾನದ ಬಿಳಿಗಿರಿಯ ಇತಿಹಾಸ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬಿಳಿಗಿರಿಯ ಸುಮಾರು 322 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿತು. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳ ನಡುವಿನ ಸೇತುವೆಯಂತಿರುವ ಈ ಕಾಡು ಆನೆಗಳ ಸಂಚಾರಕ್ಕೆ ಅತ್ಯಗತ್ಯ. ಅದನ್ನು ಉಳಿಸಿದ್ದು ತಪ್ಪಲ್ಲ. ಆದರೆ ಕಾಡಿನೊಳಗೆ ಆಗಲೇ ಬಾಳುತ್ತಿದ್ದ ಜನರ ಗತಿಯೇನು? ಬೇಟೆ ನಿಂತಿತು. ಜಾಗ ಬದಲಿಸುತ್ತ ರಾಗಿ ಬೆಳೆಯುವ ಪದ್ಧತಿ ನಿಂತಿತು. ಚದುರಿದ್ದ ಪೋಡುಗಳ ಜನರನ್ನು ಒಂದೆಡೆ ನೆಲೆಗೊಳಿಸಲಾಯಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆ, ಮರದ ಪಾಚಿ ಮುಂತಾದ ಕಿರು ಅರಣ್ಯ ಉತ್ಪನ್ನ. ಅವನ್ನು ಕೊಳ್ಳಲು ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘಗಳು ಹುಟ್ಟಿದವು.

ಇದೇ ಕಾಲದಲ್ಲಿ, 1980ರ ಆಸುಪಾಸಿನಲ್ಲಿ, ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದರು. ಹೊರಗಿನವರನ್ನು ಕಂಡರೆ ದೂರ ಸರಿಯುತ್ತಿದ್ದ ಸೋಲಿಗರು ಹಾವು ಕಡಿತಕ್ಕೆ, ಕರಡಿಯ ಗಾಯಕ್ಕೆ ಮದ್ದು ಸಿಕ್ಕಮೇಲೆ ಮೆಲ್ಲನೆ ಹತ್ತಿರವಾದರು. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪನೆಯಾಯಿತು. ಸಣ್ಣ ಚಿಕಿತ್ಸಾಲಯ ಆಸ್ಪತ್ರೆಯಾಯಿತು, ಶಾಲೆ ಬಂದಿತು, ಕಸುಬಿನ ತರಬೇತಿ ಬಂದಿತು. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆ ಈ ಜನರಲ್ಲಿದೆ ಎಂಬುದು ಪತ್ತೆಯಾಗಿ, ಅದಕ್ಕೆ ಚಿಕಿತ್ಸೆ ಆರಂಭವಾಯಿತು. 1994ರಲ್ಲಿ ಸುದರ್ಶನ್ ಮತ್ತು ಕೇಂದ್ರಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಓದು ಕಲಿತ ಸೋಲಿಗ ಯುವಕರು ತಮ್ಮದೇ ಸಂಘ ಕಟ್ಟಿ ತಾಲ್ಲೂಕು ಕಚೇರಿಯ ಮುಂದೆ ನಿಂತು ಮಾತನಾಡುವಂತಾದುದು ಈ ಸೇವೆಯ ಬಹುದೊಡ್ಡ ಫಲ.

1990ರ ದಶಕದಲ್ಲಿ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೇಂದ್ರದೊಡನೆ ವಿಜ್ಞಾನಿಗಳೂ ಕೈಜೋಡಿಸಿದರು. ಆಗ ಇಲ್ಲಿನ ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಸುಮಾರು ಅರ್ಧದಷ್ಟು ಕಾಡಿನ ಉತ್ಪನ್ನದಿಂದಲೇ ಬರುತ್ತಿತ್ತು. ನೆಲ್ಲಿಕಾಯಿಯನ್ನು ಉಪ್ಪಿನಕಾಯಿ ಮಾಡಿ, ಜೇನನ್ನು ಶೋಧಿಸಿ ಮಾರಿದರೆ ಹೆಚ್ಚು ಹಣ ಕೈಗೆ ಬರುತ್ತದೆ. ಕಾಡಿನಿಂದ ಲಾಭ ಕಂಡವರು ಕಾಡನ್ನು ಕಾಯುತ್ತಾರೆ ಎಂಬುದು ಲೆಕ್ಕಾಚಾರ. ಈ ವರ್ಷ ಯಾವ ಮರ ಎಷ್ಟು ಕಾಯಿ ಬಿಟ್ಟಿದೆ, ಎಷ್ಟು ಕಿತ್ತರೆ ಸಾಕು ಎಂಬುದನ್ನು ಸೋಲಿಗರೂ ವಿಜ್ಞಾನಿಗಳೂ ಕೂಡಿ ಅಂದಾಜು ಮಾಡತೊಡಗಿದರು.

ಈ ಪ್ರಯೋಗ ಬಲಿಯುವ ಮೊದಲೇ ಅದಕ್ಕೆ ಪೆಟ್ಟು ಬಿತ್ತು. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಗಿ, ಅಭಯಾರಣ್ಯದ ಉತ್ಪನ್ನವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಂದಿತು. 2006ರ ವೇಳೆಗೆ ಬಿಳಿಗಿರಿಯಲ್ಲಿ ಸಂಗ್ರಹ ನಿಂತೇಹೋಯಿತು. ಆಸ್ಪತ್ರೆ ಇತ್ತು, ಶಾಲೆ ಇತ್ತು. ದುಡಿಮೆಯ ದೊಡ್ಡ ಮೂಲವೇ ಇಲ್ಲವಾಯಿತು. ಅನೇಕರು ಕೂಲಿ ಅರಸಿ ಬೆಟ್ಟ ಇಳಿಯಬೇಕಾಯಿತು. ಕಲ್ಯಾಣ ಕಾರ್ಯದ ಮಿತಿ ಕಂಡದ್ದು ಇಲ್ಲಿಯೇ. ಸೇವಾಸಂಸ್ಥೆ ಮದ್ದು ಕೊಡಬಲ್ಲದು, ವಿದ್ಯೆ ಕೊಡಬಲ್ಲದು. ಕಾಡಿನ ಮೇಲಿನ ಹಕ್ಕನ್ನು ಕೊಡಲಾರದು.

ಜನರನ್ನು ದೂರವಿಟ್ಟುದರಿಂದ ಕಾಡಿಗಾದರೂ ಒಳ್ಳೆಯದಾಯಿತೇ? ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯಲ್ಲಿ ಗುರುತಿಸಿದ ತಾಕುಗಳಲ್ಲಿ 1997ರಲ್ಲಿ ಶೇಕಡ 41ರಲ್ಲಿ ಲಂಟಾನ ಕಳೆ ಇತ್ತು. 2008ರಲ್ಲಿ ಅದು ಶೇಕಡ 81ಕ್ಕೆ ಏರಿತ್ತು. ಲಂಟಾನದ ಪೊದೆ ಒತ್ತಾದಲ್ಲಿ ಸಸಿ ಏಳುವುದಿಲ್ಲ, ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಸೋಲಿಗರು ಇದಕ್ಕೆ ಕೊಡುವ ಕಾರಣ ಸ್ಪಷ್ಟ. ಬೇಸಿಗೆಯ ಮೊದಲಲ್ಲೇ ಒಣ ಎಲೆಗೆ ಅವರು ಹಚ್ಚುತ್ತಿದ್ದ ಸಣ್ಣ ‘ತರಗು ಬೆಂಕಿ’ ನೆಲದ ಮೇಲೆ ಹರಿದುಹೋಗುತ್ತಿತ್ತು, ದೊಡ್ಡ ಮರ ಸುಡುತ್ತಿರಲಿಲ್ಲ. ಲಂಟಾನದ ಸಸಿಯನ್ನೂ ನೆಲ್ಲಿಮರಕ್ಕೆ ಅಂಟುವ ‘ಉಪ್ಪಿಲು’ ಎಂಬ ಬಂದಳಿಕೆಯನ್ನೂ ಅದು ಹತೋಟಿಯಲ್ಲಿಡುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಎರಡೂ ಹಬ್ಬಿದವು ಎಂಬುದು ಅವರ ಮಾತು. ಲಂಟಾನ ಹಬ್ಬಲು ಇದೊಂದೇ ಕಾರಣವೆಂದು ಹೇಳಲಾಗದು. ಲಂಟಾನ ತುಂಬಿದ ಇಂದಿನ ಕಾಡಿಗೆ ಹಳೆಯ ರೀತಿಯಲ್ಲೇ ಬೆಂಕಿ ಇಟ್ಟರೆ ಅನಾಹುತವೂ ಆದೀತು. ಆದರೂ ಕಾಡನ್ನು ದಿನವೂ ಕಂಡವರ ತಿಳಿವಳಿಕೆಯನ್ನು ಕಡತದಿಂದ ಹೊರಗಿಟ್ಟದ್ದು ಕಾಡಿಗೂ ನಷ್ಟವೇ.

2006ರ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ ಅರಣ್ಯ ಹಕ್ಕು ಕಾಯಿದೆ ದಿಕ್ಕು ಬದಲಿಸಿತು. ಸೋಲಿಗರು ಹಿರಿಯರೊಡನೆ ಕಾಡು ಸುತ್ತಿ, ತಮ್ಮ ಕುಲಗಳ ಎಲ್ಲೆ ಹಾಗೂ ನೂರಾರು ಪೂಜಾಸ್ಥಳಗಳನ್ನು ಸಂಶೋಧಕರ ನೆರವಿನಿಂದ ನಕ್ಷೆಯ ಮೇಲೆ ಗುರುತಿಸಿದರು. ಹಾಡಿನಲ್ಲಿದ್ದ ನಂಟಿಗೆ ಹೀಗೆ ಕಾಗದದ ಪುರಾವೆ ದೊರೆಯಿತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾದಾಗ ಎತ್ತಂಗಡಿಯ ಆತಂಕ ಹುಟ್ಟಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲೆಂದು ಹೇಳಲಾಗಿದೆ.

ಈ ಕಾಯಿದೆ ಗ್ರಾಮಸಭೆಗೆ ಕಾಡಿನ ಉತ್ಪನ್ನದ ಮೇಲೆ ಹಕ್ಕು ಕೊಡುವುದಷ್ಟೇ ಅಲ್ಲ, ವನ್ಯಜೀವಿ, ನೀರಿನ ಮೂಲ, ಜೀವವೈವಿಧ್ಯವನ್ನು ಕಾಯುವ ಹೊಣೆಯನ್ನೂ ಹೊರಿಸುತ್ತದೆ. ಹಕ್ಕುಪತ್ರವೊಂದೇ ಹೊಟ್ಟೆ ತುಂಬಿಸುವುದಿಲ್ಲ ಎಂಬುದೂ ನಿಜ. ಜೇನಿಗೆ ನ್ಯಾಯವಾದ ಬೆಲೆ ಬೇಕು, ಅದನ್ನು ಕೊಡಿಸುವ ಗಟ್ಟಿ ಸಂಘ ಬೇಕು. ಗ್ರಾಮಸಭೆಯ ತೀರ್ಮಾನಕ್ಕೆ ಅರಣ್ಯ ಇಲಾಖೆಯಲ್ಲಿ ಬೆಲೆ ಸಿಗಬೇಕು. ಇದಕ್ಕೆ ಆಸ್ಪತ್ರೆ, ಶಾಲೆಗಳಷ್ಟೇ ವರ್ಷಗಳ ತಾಳ್ಮೆ ಬೇಕಾದೀತು.

ಹುಲಿಯೂ ಸೋಲಿಗನೂ ಒಂದೇ ಕಾಡಿನಲ್ಲಿ ಬಾಳಬಹುದೇ ಎಂದು ಪಟ್ಟಣದವರು ಇಂದಿಗೂ ಕೇಳುವುದುಂಟು. ಅಭಯಾರಣ್ಯ ಘೋಷಿಸಲು ಸರಕಾರ ಬೆಟ್ಟಕ್ಕೆ ಬಂದಾಗ ಅಲ್ಲಿ ಎರಡೂ ಇದ್ದವು ಎಂಬುದನ್ನು ಮರೆಯದಿದ್ದರೆ, ಉತ್ತರ ಹುಡುಕುವುದು ಅಷ್ಟು ಕಷ್ಟವಲ್ಲ.