ಹಡಗಿನಿಂದಿಳಿದವರು ಕಂಡ ತುಳುನಾಡು

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವ ಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ನವೆಂಬರಿನಿಂದ ಮೇ ತಿಂಗಳವರೆಗೆ ಇವುಗಳ ಕಾಲ. ಹೆಚ್ಚಿನವು ಬೆಳಗ್ಗೆ ಬಂದು ಸಂಜೆಗೆ ಗೋವೆಯ ಕಡೆಗೋ ಕೊಚ್ಚಿಯ ಕಡೆಗೋ ಹೊರಟುಹೋಗುತ್ತವೆ. ನಡುವಿನ ಎಂಟು ಹತ್ತು ಗಂಟೆಗಳಲ್ಲಿ ಹಡಗಿನ ಯಾತ್ರಿಕರು ನಮ್ಮ ನಾಡನ್ನು ನೋಡಿ ಮುಗಿಸಬೇಕು. ಚೆಂಡೆಯ ಸದ್ದಿನ, ಯಕ್ಷಗಾನ ವೇಷಗಳ ಸ್ವಾಗತ ಮುಗಿದೊಡನೆ ಬಸ್ಸುಗಳು ಸಾಲಾಗಿ ಹೊರಡುತ್ತವೆ. ಕುದ್ರೋಳಿಯ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಒಂದು ಗೋಡಂಬಿ ಕಾರ್ಖಾನೆ, ಪೇಟೆಯ ಮಾರುಕಟ್ಟೆ. ದೂರ ಹೋಗಬಲ್ಲವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮತ್ತು ಕಾರ್ಕಳದ ಗೊಮ್ಮಟ. ಸಾಮಾನ್ಯವಾಗಿ ಇಷ್ಟು.

ಪೇಟೆಯಿಂದ ಮೂಡುಬಿದಿರೆ ಕಾರ್ಕಳಗಳಿಗೆ ಹೋಗುವ ದಾರಿ ನಾನಿರುವ ಕುಲಶೇಖರವನ್ನು ಹಾದುಹೋಗುತ್ತದೆ. ಈ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕೆಂಬ ಹಟವೂ ನಮಗಿಲ್ಲ. ಆದರೆ ಅವು ಹಾದುಹೋಗುವಾಗ ಕೆಲವರು ಬೇಸರದ ಮಾತನ್ನಾಡುವುದನ್ನು ಕೇಳಿದ್ದೇನೆ: “ಒಂದು ದಿನದಲ್ಲಿ ಇವರಿಗೇನು ತಿಳಿದೀತು? ಚಿತ್ರ ತೆಗೆದುಕೊಂಡು ಹೋಗುವವರು.” ಈ ಮಾತನ್ನು ಇತಿಹಾಸದ ಬೆಳಕಿನಲ್ಲಿ ಸ್ವಲ್ಪ ಪರಿಶೀಲಿಸಿ ನೋಡಬೇಕೆಂಬುದು ನನ್ನ ಇಂದಿನ ಉದ್ದೇಶ. ಏಕೆಂದರೆ ಹಡಗಿನಿಂದಿಳಿದು ಅಲ್ಪಕಾಲ ಸುತ್ತಾಡಿ ಮತ್ತೆ ಹೊರಟುಹೋದವರು ನಮ್ಮ ಕರಾವಳಿಗೆ ಹೊಸಬರಲ್ಲ. ಅಂಥವರು ಬರೆದಿಟ್ಟದ್ದನ್ನು ಬಿಟ್ಟರೆ ನಮ್ಮದೇ ಚರಿತ್ರೆಯ ಎಷ್ಟೋ ಪುಟಗಳು ಬರಿದಾಗುತ್ತವೆ.

ಮೊರೊಕ್ಕೊ ದೇಶದ ಇಬ್ನ್ ಬತೂತ 14ನೆಯ ಶತಮಾನದ ನಡುಗಾಲದಲ್ಲಿ ಈ ತೀರಕ್ಕೆ ಬಂದವನು. ಅವನ ಬರಹದಲ್ಲಿ ಮಂಗಳೂರು ‘ಮಂಜರೂರ್’. ಪರ್ಷಿಯಾದ ಫಾರ್ಸ್ ಪ್ರಾಂತದ ಮತ್ತು ಯೆಮನ್ ದೇಶದ ವರ್ತಕರು ಹೆಚ್ಚಾಗಿ ಇಳಿಯುವ ಬಂದರು ಇದೆಂದೂ, ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ, ಊರ ಹೊರವಲಯದಲ್ಲಿ ಸುಮಾರು 4,000 ಮುಸಲ್ಮಾನರು ನೆಲೆಸಿದ್ದಾರೆಂದೂ ಅವನು ಹೇಳುತ್ತಾನೆ. ಇಲ್ಲಿನ ಖಾಜಿ ಹಡಗಿಗೇ ಬಂದು, ದಡಕ್ಕೆ ಇಳಿಯಿರೆಂದು ಕೇಳಿಕೊಂಡ. ಅರಸನು ತನ್ನ ಮಗನನ್ನು ಹಡಗಿನಲ್ಲಿ ಒತ್ತೆಯಿಟ್ಟಲ್ಲದೆ ಇಳಿಯಲಾರೆವೆಂದು ಇವರ ಪಟ್ಟು. ಕೊನೆಗೆ ಅರಸುಕುಮಾರ ಹಡಗಿಗೆ ಹೋದ, ಇವರು ದಡಕ್ಕೆ ಬಂದರು. ಮೂರು ದಿನ ಸತ್ಕಾರ ಪಡೆದು ಹೊರಟರು. ಇಂದು ಬಂದರಿನಲ್ಲಿ ಕಾಗದಪತ್ರ ತೋರಿಸಲು ಸಾಲಿನಲ್ಲಿ ನಿಲ್ಲಬೇಕಾಯಿತೆಂದು ಗೊಣಗುವ ಯಾತ್ರಿಕನಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ನಂಬಿಕೆ ಅಪನಂಬಿಕೆಗಳ ಈ ಲೆಕ್ಕಾಚಾರ ನಮ್ಮ ಕಾಲದಲ್ಲಿಯೂ ಮುಗಿದಿಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಸೋಂಕಿನ ಭೀತಿ ಹಬ್ಬಿದಾಗ ಎಂಎಸ್‌ಸಿ ಲಿರಿಕಾ ಎಂಬ ಪ್ರವಾಸಿ ಹಡಗಿಗೆ ಇದೇ ಬಂದರಿನಲ್ಲಿ ಪ್ರವೇಶ ನಿರಾಕರಿಸಲಾಯಿತು. ಪ್ರವಾಸಿ ಹಡಗುಗಳು ಮತ್ತೆ ಕಾಣಿಸಿಕೊಂಡದ್ದು 2022ರ ಕೊನೆಯಲ್ಲಿ.

ಇಬ್ನ್ ಬತೂತನ ತರುವಾಯ ನೂರು ವರ್ಷ ಕಳೆದು, 1443ರಲ್ಲಿ, ಪಾರಸೀಕ ದೊರೆ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಇಲ್ಲಿಂದ ಘಟ್ಟವೇರಿ ವಿಜಯನಗರಕ್ಕೆ ಹೋದನು. ವಿಜಯನಗರದ ಬಗ್ಗೆ ಅವನು ಬರೆದದ್ದನ್ನು ನಮ್ಮ ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ಮಂಗಳೂರಿನಿಂದ ಮೂರು ಹರದಾರಿಯಷ್ಟು ಒಳಕ್ಕೆ ಅವನು ಕಂಡ ದೇವಾಲಯದ ಮಾತನ್ನು ನೆನೆಯುವವರು ಕಡಿಮೆ. ಇಡಿಯ ಗುಡಿ ಎರಕದ ಲೋಹದ್ದು. ಒಳಗೆ ಆಳೆತ್ತರದ ಬಂಗಾರದ ವಿಗ್ರಹ. ಅದರ ಕಣ್ಣುಗಳಿಗೆ ಎರಡು ಮಾಣಿಕ್ಯ, ನೋಡುವವನನ್ನೇ ಅದು ನೋಡುತ್ತಿರುವಂತೆ ತೋರುತ್ತದೆ ಎನ್ನುತ್ತಾನೆ. ಜಗತ್ತಿನಲ್ಲಿ ಇದಕ್ಕೆ ಸಾಟಿಯಿಲ್ಲವೆಂದು ಅವನ ನಿರ್ಣಯ. ಪ್ರವಾಸಿಯ ಉತ್ಪ್ರೇಕ್ಷೆ ಇದರಲ್ಲಿ ಎಷ್ಟೇ ಇರಲಿ, ಆ ಹೊತ್ತಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿ ಹದಿಮೂರು ವರ್ಷವಾಗಿತ್ತು. ಕಾರ್ಕಳದ ಗೊಮ್ಮಟ ನಿಂತು ಹನ್ನೊಂದು ವರ್ಷವಾಗಿತ್ತು. ನಾವು ಇಂದು ‘ಪ್ರಾಚೀನ’ವೆಂದು ತೋರಿಸುವ ಕಲ್ಲು ಅವನ ಕಾಲಕ್ಕೆ ಉಳಿಯ ಗುರುತು ಆರದ ಹೊಸ ಕಲ್ಲು.

ಆದರೆ ಒಂದು ದಿನದ ಪ್ರವಾಸವೆಂಬುದನ್ನು ಇಂದಿನ ಅರ್ಥದಲ್ಲಿ ಮಾಡಿದವನು, ನನ್ನ ದೃಷ್ಟಿಯಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. ರೋಮಿನ ಈ ಶ್ರೀಮಂತನಿಗೆ ವ್ಯಾಪಾರದ ಕೆಲಸವಾಗಲಿ ಮತಪ್ರಚಾರದ ಹೊಣೆಯಾಗಲಿ ಇರಲಿಲ್ಲ, ನೋಡುವುದಕ್ಕಾಗಿಯೇ ಬಂದವನು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಮಾಡಿ ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಜೊತೆಯಲ್ಲಿಯೇ ಒಯ್ಯುತ್ತಿದ್ದ ವಿಚಿತ್ರ ದುಃಖಿ ಅವನು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನ ರಾಜಧಾನಿಯನ್ನು ನೋಡಿಕೊಂಡು, ಡಿಸೆಂಬರಿನಲ್ಲಿ ಮಂಗಳೂರಿನ ಸುತ್ತ ತಿರುಗಾಡಿದನು. ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಣೇಲಿನವರೆಗೆ ಹೋದಾಗ ಅವನ ಕಣ್ಣಿಗೆ ಬಿದ್ದದ್ದು ಸಿಂಹಾಸನವಲ್ಲ, ಗದ್ದೆಯ ಬದಿ. ರಾಣಿ ಬರಿಗಾಲಿನಲ್ಲಿ ನಿಂತು ಆಳುಗಳು ಕಾಲುವೆ ತೋಡುವುದನ್ನು ನೋಡಿಕೊಳ್ಳುತ್ತಿದ್ದಳು. ಅಬ್ಬಕ್ಕನೆಂಬ ಹೆಸರಿನಿಂದ ನಾವು ಇಂದು ಕೊಂಡಾಡುವ ರಾಣಿಯರ ಪೈಕಿ ಕಣ್ಣಾರೆ ಕಂಡವನೊಬ್ಬ ಬರೆದ ಚಿತ್ರ ಇದೊಂದೇ ನಮಗೆ ಚೆನ್ನಾಗಿ ಉಳಿದಿರುವುದು. ಶಿಲ್ಪಿಗಳು ಕುದುರೆಯ ಮೇಲೆ ಕತ್ತಿ ಹಿಡಿಸಿ ಕೂರಿಸಿದ ಪ್ರತಿಮೆಗಳಿಗಿಂತ ಈ ಕಾಲುವೆಯ ಬದಿಯ ಹೆಂಗಸು ನನಗೆ ಹೆಚ್ಚು ರಾಣಿಯಾಗಿ ಕಾಣುತ್ತಾಳೆ.

ಅದೇ ದಿನಗಳಲ್ಲಿ ಅವನು ಕದ್ರಿಗೂ ಹೋದ. ಅಲ್ಲಿನ ‘ಜೋಗಿಗಳ ಅರಸ’ನನ್ನು ಕಂಡು ಮಾತನಾಡಿದ. ಕದ್ರಿಯ ವಿಷಯವಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ಮೂರು ಮುಖ, ಆರು ಕೈಗಳದ್ದು. ಅದರ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ. ಆಳುಪ ಅರಸ ಕುಂದವರ್ಮನು ಕದಿರಿಕೆಯ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಅದರ ಸಾರ. ವಿಹಾರವೆಂದರೆ ಬೌದ್ಧರದು. ಪ್ರತಿಷ್ಠಿಸಿದ ಅರಸನಾದರೋ ತನ್ನನ್ನು ಶಿವನ ಪಾದಕಮಲದ ದುಂಬಿಯೆಂದು ಕರೆಸಿಕೊಂಡವನು. ಮುಂದೆ ನಾಥಪಂಥದ ಜೋಗಿಗಳು ಅಲ್ಲಿ ಮಠ ಹೂಡಿದರು. ಬೌದ್ಧ ವಿಹಾರ, ಶೈವ ಅರಸು, ನಾಥ ಜೋಗಿಗಳು, ಇಂದಿನ ಮಂಜುನಾಥ: ಒಂದರ ಮೇಲೊಂದು ಬಂದರೂ ಒಂದು ಇನ್ನೊಂದನ್ನು ಪೂರ್ತಿ ಅಳಿಸಿಲ್ಲ. ಸಾವಿರ ವರ್ಷದ ಇಷ್ಟು ಪದರಗಳು ಒಂದೇ ಅಂಗಳದಲ್ಲಿ ಸಿಗುವ ತಾಣಗಳು ನಮ್ಮ ಕರಾವಳಿಯಲ್ಲಿ ಬೇರೆ ಹೆಚ್ಚಿಲ್ಲ. ಇಂದಿನ ಬಸ್ಸುಗಳು ಕದ್ರಿಯಲ್ಲಿ ನಿಂತಾಗಲೂ ಅದು ಊರಿನ ಹಲವು ಗುಡಿಗಳಲ್ಲಿ ಒಂದು ಎಂಬಂತೆ ಮುಗಿದುಹೋಗುತ್ತದೆಯಂತೆ.

ಈ ಮಾತನ್ನು ನನಗೆ ಹೇಳಿದವನು ಹಿಂದೆ ನನ್ನಲ್ಲಿ ಕನ್ನಡ ಓದಿ, ಈಗ ಹಡಗಿನ ಕಾಲದಲ್ಲಿ ಮಾರ್ಗದರ್ಶಿಯಾಗಿ ದುಡಿಯುವ ಒಬ್ಬ ಶಿಷ್ಯ. ಅವನ ಕಷ್ಟವನ್ನೂ ಕೇಳಬೇಕು. ಒಂದೊಂದು ತಾಣಕ್ಕೂ ಅರ್ಧ ಗಂಟೆ. ಅದರಲ್ಲಿ ಚಪ್ಪಲಿ ಕಳಚಿ ಮತ್ತೆ ಮೆಟ್ಟಿಕೊಳ್ಳುವ ಸಮಯವೂ ಸೇರಿತು. ವಯಸ್ಸಾದವರು ಹೆಚ್ಚು, ಬಿಸಿಲಿಗೆ ಬಳಲಿರುತ್ತಾರೆ. ಹೀಗಾಗಿ ಅಂಕಿಗಳೇ ಸುಲಭ. ಕಾರ್ಕಳದ ಗೊಮ್ಮಟ 42 ಅಡಿ, ಏಕಶಿಲೆ, 1432. ಮೂಡುಬಿದಿರೆಯ ಬಸದಿ 1430, ಕಂಬ ಸಾವಿರ, ಒಂದರಂತೆ ಇನ್ನೊಂದಿಲ್ಲ. ಇಷ್ಟು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಗೊಮ್ಮಟನ ಮುಂದೆ ತಪ್ಪದೆ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆಯಂತೆ: “ಇವನಿಗೆ ಬಟ್ಟೆಯೇಕಿಲ್ಲ?”

ನನ್ನ ಮಟ್ಟಿಗೆ ಇಡೀ ದಿನದ ಪ್ರವಾಸದ ಬೆಲೆ ಈ ಪ್ರಶ್ನೆಯಲ್ಲಿದೆ. 42 ಅಡಿ ಎಂಬುದು ಅದಕ್ಕೆ ಉತ್ತರವಲ್ಲ. ಅಣ್ಣ ಭರತನನ್ನು ಯುದ್ಧದಲ್ಲಿ ಗೆದ್ದ ಕ್ಷಣದಲ್ಲಿಯೇ ಗೆದ್ದದ್ದನ್ನೆಲ್ಲ ಅಣ್ಣನಿಗೇ ಬಿಟ್ಟು, ಮೈಮೇಲಿನ ಬಟ್ಟೆಯನ್ನೂ ಬಿಟ್ಟು ನಿಂತ ಬಾಹುಬಲಿಯ ಕಥೆ ಎರಡು ನಿಮಿಷದಲ್ಲಿ ಹೇಳಬಹುದಾದದ್ದು. ಎರಡು ಮಹಾಯುದ್ಧಗಳ ನೆನಪನ್ನು ಹೊತ್ತ ಯೂರೋಪಿನವನಿಗೆ ಟಿಪ್ಪಣಿಯಿಲ್ಲದೆ ಅರ್ಥವಾಗಬಲ್ಲದ್ದು. ಅದನ್ನು ನಿಲ್ಲಿಸಿದ ಭೈರರಸ ವೀರಪಾಂಡ್ಯ ಅರಸೊತ್ತಿಗೆಯನ್ನು ಬಿಟ್ಟವನಲ್ಲ, ಆಳುತ್ತಿದ್ದವನು ಎಂಬುದನ್ನೂ ಸೇರಿಸಿದರೆ ಕಥೆಗೆ ಇನ್ನಷ್ಟು ಅರ್ಥ ಬರುತ್ತದೆ. ಅಂಥ ಬಂಡೆಯನ್ನು ಬೆಟ್ಟಕ್ಕೇರಿಸಿದ ಬಗೆಯನ್ನು, ಬಂಡಿಯನ್ನು, ಎಳೆದ ಜನರನ್ನು 17ನೆಯ ಶತಮಾನದ ಚಂದ್ರಮ ಕವಿ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ. ಕನ್ನಡ ಎಂ.ಎ. ಮಾಡಿದವರೇ ಇದನ್ನು ಓದಿರುವುದು ಅಪರೂಪವಾಗಿರುವಾಗ ಮಾರ್ಗದರ್ಶಿಯನ್ನು ದೂರಿ ಫಲವೇನು?

ಇನ್ನು ಮೂಡುಬಿದಿರೆ. ಸಾವಿರ ಕಂಬದ ಬಸದಿಯ ಮುಂದೆ 15ನೆಯ ಶತಮಾನದ ಭೈರಾದೇವಿ ಮಂಟಪವಿದೆ. ಅದರ ಜಗಲಿಯ ಅಂಚಿನ ಕೆತ್ತನೆಗಳಲ್ಲಿ, ಆನೆ ಕುದುರೆಗಳ ಸಾಲಿನ ನಡುವೆ, ಬಗ್ಗಿ ನೋಡಿದವರಿಗೆ ಉದ್ದ ಕತ್ತಿನ ಒಂದು ಪ್ರಾಣಿ ಕಾಣುತ್ತದೆ: ಜಿರಾಫೆ. ಚೀನೀಯರ ಮಾದರಿಯ ಮಕರಸರ್ಪವೂ ಅಲ್ಲಿದೆ. ಆಫ್ರಿಕದ ಪ್ರಾಣಿ ತುಳುನಾಡಿನ ಕಲ್ಲಿಗೆ ಹೇಗೆ ಬಂತು? ಅದೇ ಶತಮಾನದ ಆರಂಭದಲ್ಲಿ ಚೀನದ ಝೆಂಗ್ ಹೆ ಎಂಬ ನೌಕಾಧಿಪತಿಯ ದೊಡ್ಡ ಹಡಗುಪಡೆ ಮಲಬಾರಿನ ಕಲ್ಲಿಕೋಟೆಯನ್ನು ಮುಟ್ಟುತ್ತ ಈ ಸಮುದ್ರದಲ್ಲಿ ಓಡಾಡುತ್ತಿತ್ತು. 1415ರಲ್ಲಿ ಪೂರ್ವ ಆಫ್ರಿಕದ ಮಾಲಿಂದಿಯಿಂದ ಚೀನದ ಚಕ್ರವರ್ತಿಗೆ ಜಿರಾಫೆಯೊಂದು ಕಾಣಿಕೆಯಾಗಿ ಹೋಗಿತ್ತು. ನಮ್ಮ ಶಿಲ್ಪಿ ಆ ಪ್ರಾಣಿಯನ್ನು ತಾನೇ ಕಂಡನೋ, ಅರಬರ ಬಾಯಲ್ಲಿ ಕೇಳಿದನೋ, ಬಟ್ಟೆಯ ಮೇಲಿನ ಚಿತ್ರದಲ್ಲಿ ನೋಡಿದನೋ, ಹೇಗಾದರಾಗಲಿ, ಅದನ್ನು ದೇವರ ಮುಂದಿನ ಮಂಟಪದಲ್ಲಿ ಕೆತ್ತಲು ಅವನು ಹಿಂಜರಿಯಲಿಲ್ಲ. ಬಸದಿಯ ಶ್ರಾವಕರೂ ಬೇಡವೆನ್ನಲಿಲ್ಲ. ಕಡಲಿನಿಂದ ಬಂದವರು ನಮ್ಮನ್ನು ನೋಡಿ ಬರೆದುಕೊಂಡರು ಎಂದು ಇಷ್ಟುಹೊತ್ತು ಹೇಳಿದೆನಲ್ಲ. ನಾವೂ ಅವರನ್ನು ನೋಡಿ ಕೆತ್ತಿಕೊಂಡೆವು ಎಂಬುದಕ್ಕೆ ಈ ಒಂದು ಜಿರಾಫೆ ಸಾಕ್ಷಿ. ಹಡಗಿನಿಂದ ಬಂದ ಅತಿಥಿಗೆ ಸಾವಿರ ಕಂಬಗಳಲ್ಲಿ ಒಂದನ್ನೂ ತೋರಿಸದಿದ್ದರೂ ನಡೆದೀತು, ಇದನ್ನು ತೋರಿಸದೆ ಕಳುಹಿಸಬಾರದು. ಬಸದಿಯಿಂದ ತುಸು ದೂರದಲ್ಲಿಯೇ ಚೌಟರ ಅರಮನೆ. ಅದರ ಮರದ ಕಂಬದಲ್ಲಿ ಒಂಬತ್ತು ನಾರಿಯರು ಕೂಡಿ ಆನೆಯಾದ ನವನಾರಿಕುಂಜರವಿದೆ. ದೆಲ್ಲಾ ವಾಲೆ ಕಂಡ ಆ ಬರಿಗಾಲ ರಾಣಿ ಇದೇ ಚೌಟ ಮನೆತನದವಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು.

ಒಂದು ಪದದ ಬಗ್ಗೆ ನನಗೆ ತಕರಾರಿದೆ. ಪ್ರವಾಸದ ಕರಪತ್ರಗಳಲ್ಲಿ ಈ ತಾಣಗಳನ್ನು ‘ಪ್ರಾಚೀನ ಅವಶೇಷಗಳು’ ಎಂದು ಕರೆಯುವುದುಂಟು. ಗ್ರೀಸಿನಲ್ಲೋ ಈಜಿಪ್ಟಿನಲ್ಲೋ ಇಳಿದು ಬಂದ ಯಾತ್ರಿಕನ ಕಿವಿಗೆ ಅದು ಪರಿಚಿತ ಮಾತು. ಅಲ್ಲಿ ದೇವರು ಹೋಗಿ ಕಂಬ ಉಳಿದಿದೆ. ಅವಶೇಷಗಳು ನಮ್ಮಲ್ಲಿಯೂ ಇವೆ. ಆಳುಪರ ಕಾಲದಲ್ಲಿಯೂ ವಿಜಯನಗರದ ಕಾಲದಲ್ಲಿಯೂ ರಾಜಧಾನಿಯಾಗಿ ಮೆರೆದ ಬಾರಕೂರಿಗೆ ಹೋದರೆ ಕತ್ತಲೆ ಬಸದಿಯಲ್ಲಿ ಅವನ್ನು ಕಾಣಬಹುದು. ಅದು ಉಡುಪಿಯಿಂದಾಚೆಗಿನ ದಾರಿಯಾದ್ದರಿಂದ ಹಡಗಿನವರ ಒಂದು ದಿನಕ್ಕೆ ದೂರವಾಯಿತು. ಆದರೆ ಮೂಡುಬಿದಿರೆಯಲ್ಲಿ ಚಂದ್ರನಾಥನಿಗೆ ಇಂದು ಬೆಳಗ್ಗೆಯೂ ಅಭಿಷೇಕವಾಗಿದೆ. ಕುದ್ರೋಳಿಯಂತೂ ಪ್ರಾಚೀನವೂ ಅಲ್ಲ. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಬಿಲ್ಲವ ಸಮಾಜದವರಿಗಾಗಿ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗುಡಿ. 2013ರಲ್ಲಿ ವಿಧವೆಯರನ್ನು ಅರ್ಚಕರಾಗಿ ಅಲ್ಲಿ ನೇಮಿಸಿದರು. ಬಂಗಾರದ ಬಣ್ಣದ ಗೋಪುರವನ್ನು ತೋರಿಸಿ ಈ ಮಾತನ್ನು ಬಿಟ್ಟರೆ ಆ ಗುಡಿಯನ್ನು ತೋರಿಸಿದಂತೆಯೇ ಆಗಲಿಲ್ಲ.

ಹಡಗಿನಲ್ಲಿ ಬಂದು ಮರಳಿ ಹೋಗದೆ ನಿಂತವರೂ ಇದ್ದಾರೆ. ಇಟಲಿಯ ಬೆರ್ಗಮೊ ಕಡೆಯ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 19ನೆಯ ಶತಮಾನ ಮುಗಿಯುತ್ತಿದ್ದ ವರ್ಷಗಳಲ್ಲಿ ಬಂದು ಅಲೋಶಿಯಸ್ ಚಾಪೆಲಿನ ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಹಿಂತಿರುಗಲೇ ಇಲ್ಲ. ನಮ್ಮ ಕುಲಶೇಖರದ ಕೊರ್ಡೆಲ್ ಇಗರ್ಜಿಯನ್ನು 1873ರಲ್ಲಿ ಸ್ಥಾಪಿಸಿದ ಫ್ರೆಂಚ್ ಪಾದ್ರಿ ಅಲೆಕ್ಸಾಂಡರ್ ದ್ಯುಬುವಾ ಅವರನ್ನು ಊರವರು ‘ಫ್ರಾದ್ ಸಾಯ್ಬ್’ ಎಂದು ಇಂದಿಗೂ ನೆನೆಯುತ್ತಾರೆ. ಕುಲಶೇಖರವೆಂಬ ಹೆಸರೋ, 12ನೆಯ ಶತಮಾನದ ಆಳುಪ ಅರಸ ಕುಲಶೇಖರನನ್ನು ನೆನಪಿಗೆ ತರುವಂಥದು. ಆಳುಪ ದೊರೆಯ ಹೆಸರಿನ ಊರಿನಲ್ಲಿ ಫ್ರಾನ್ಸಿನ ಪಾದ್ರಿಯ ಇಗರ್ಜಿ. ಅದರ ಮುಂದಿನ ದಾರಿಯಲ್ಲಿ ಜೈನ ಬಸದಿಯನ್ನು ನೋಡಲು ಹೊರಟ ಪರದೇಶಿಗಳ ಬಸ್ಸು.

ಹಾಗಾದರೆ ಸಮಯ ಸಾಲದೆಂಬ ಆಕ್ಷೇಪ? ಇಬ್ನ್ ಬತೂತ ಇದ್ದದ್ದು ಮೂರು ದಿನ. ದೆಲ್ಲಾ ವಾಲೆ ಜೋಗಿಗಳ ಅರಸನ ಮುಂದೆ ಕುಳಿತದ್ದು ದಿನದ ಒಂದಷ್ಟು ಹೊತ್ತು. ಕೊರತೆ ಗಂಟೆಗಳದ್ದಲ್ಲ, ಅವರಿಗೆ ಎದುರಿನಲ್ಲಿ ಕೇಳಲು ಒಬ್ಬ ಖಾಜಿ, ಒಬ್ಬ ರಾಣಿ, ಒಬ್ಬ ಜೋಗಿ ಸಿಕ್ಕಿದ್ದರು. ಇಂದಿನವನಿಗೆ ಸಿಗುವವನು ಮಾರ್ಗದರ್ಶಿಯೊಬ್ಬನೇ. ಅವನಿಗೆ ಇತಿಹಾಸ ಬಲ್ಲವರು ವರ್ಷಕ್ಕೆ ನಾಲ್ಕು ದಿನವಾದರೂ ಪಾಠ ಹೇಳುವ ಏರ್ಪಾಡಾಗಬೇಕು. ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳು ಮಳೆಗಾಲದಲ್ಲಿ ಈ ಕೆಲಸವನ್ನು ಮಾಡಬಹುದು. ಶಿಷ್ಯನಿಗೆ ಜಿರಾಫೆಯನ್ನು ನಾನು ಹೇಳಿಕೊಟ್ಟೆ. ಕಳೆದ ಬಾರಿ ಜರ್ಮನಿಯ ಮುದುಕಿಯೊಬ್ಬಳು ಅದರ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟಳಂತೆ, ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತಂತೆ.

ಕದ್ರಿಯ ಜೋಗಿಗಳ ಅರಸನ ಪಟ್ಟ ಇಂದಿಗೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ನಾಶಿಕದ ಕುಂಭಮೇಳದಲ್ಲಿ ಹೊಸ ರಾಜನನ್ನು ಆರಿಸುತ್ತಾರೆ; ಅವನು ಜೋಗಿಗಳ ತಂಡದೊಡನೆ ಅಲ್ಲಿಂದ ಕದ್ರಿಯವರೆಗೆ ತಿಂಗಳುಗಟ್ಟಲೆ ಕಾಲ್ನಡಿಗೆಯಲ್ಲಿಯೇ ಬರುತ್ತಾನೆ. ಹಿಂದಿನ ಪಟ್ಟಾಭಿಷೇಕ 2016ರ ಶಿವರಾತ್ರಿಯ ಸುಮಾರಿಗೆ ನಡೆಯಿತು. ಲೆಕ್ಕ ತಪ್ಪದಿದ್ದರೆ ಮುಂದಿನದು 2028ರಲ್ಲಿ. ಶಿವರಾತ್ರಿಯೆಂದರೆ ಹಡಗುಗಳು ಬರುವ ಕಾಲವೇ.