ಮಲಪ್ರಭಾ ಜಾಧವ

ಮಲಪ್ರಭಾ ಯಲ್ಲಪ್ಪ ಜಾಧವ ಬೆಳಗಾವಿ ಜಿಲ್ಲೆಯ ಜುಡೊ ಮತ್ತು ಕುರಾಶ್ ಪಟು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ 52 ಕೆ.ಜಿ. ಕುರಾಶ್ ವಿಭಾಗದಲ್ಲಿ ಕಂಚು ಗೆದ್ದರು. ಊರು ಬೆಳಗಾವಿ ತಾಲ್ಲೂಕಿನ, ವೆಂಗುರ್ಲಾ ರಸ್ತೆಯಲ್ಲಿರುವ ತುರಮುರಿ; ರೈತ ಕುಟುಂಬ.

ನೇಸರಗಿ, ಬೈಲಹೊಂಗಲದಿಂದ ಹಿಡಿದು ಮಹಾರಾಷ್ಟ್ರದ ಗಡಿಯವರೆಗೆ ಜಾತ್ರೆ ಬಂತೆಂದರೆ ಕುಸ್ತಿ ಕಣ ಸಿದ್ಧವಾಗುವ ಸೀಮೆ ಇದು. ಆದರೆ ಗರಡಿಮನೆಯ ಮಟ್ಟಿಗೆ ಹೆಣ್ಣುಮಕ್ಕಳಿಗೆ ಬಹುಕಾಲ ಪ್ರವೇಶವಿರಲಿಲ್ಲ. ಅವರಿಗೆ ಪಟ್ಟು ಹಿಡಿಯಲು ಜಾಗ ಕೊಟ್ಟದ್ದು ಜುಡೊ ಮ್ಯಾಟು. ಮಲಪ್ರಭಾ ಕಲಿತದ್ದೂ ಬೆಳಗಾವಿಯಲ್ಲಿ, ಮೊದಲು ಜುಡೊ.

ಕುರಾಶ್ ಉಜ್ಬೇಕಿಸ್ತಾನದ ಪುರಾತನ ಕುಸ್ತಿ. ಅದರ ಅಂತರರಾಷ್ಟ್ರೀಯ ಸಂಸ್ಥೆ ತಾಷ್ಕೆಂಟಿನಲ್ಲಿ ಹುಟ್ಟಿದ್ದು 1998ರಲ್ಲಿ. ಜುಡೊ, ಕುರಾಶ್ ಎರಡರಲ್ಲೂ ಅಂಗಿ ಹಿಡಿದು ಎದುರಾಳಿಯನ್ನು ಬೆನ್ನು ನೆಲಕ್ಕೆ ತಾಗುವಂತೆ ಎತ್ತಿ ಒಗೆಯಬೇಕು. ವ್ಯತ್ಯಾಸ ಕಾಣುವುದು ಬಿದ್ದ ಮೇಲೆ. ಜುಡೊದಲ್ಲಿ ನೆಲದ ಮೇಲೂ ಹೋರಾಟ ಮುಂದುವರಿಯುತ್ತದೆ: 20 ಸೆಕೆಂಡು ಅದುಮಿ ಹಿಡಿದರೆ ಗೆಲುವು, ಕತ್ತು ಬಿಗಿಯಬಹುದು, ಮೊಣಕೈ ತಿರುವಬಹುದು. ಕುರಾಶ್‌ನಲ್ಲಿ ಮೊಣಕಾಲು ನೆಲ ಮುಟ್ಟಿದೊಡನೆ ತೀರ್ಪುಗಾರ ನಿಲ್ಲಿಸಿ ಇಬ್ಬರನ್ನೂ ಎಬ್ಬಿಸುತ್ತಾನೆ. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಬೆನ್ನು ಪೂರ್ತಿ ನೆಲಕ್ಕೆ ಅಪ್ಪಳಿಸಿದರೆ ‘ಹಲಾಲ್’, ಪಂದ್ಯ ಅಲ್ಲಿಗೇ ಮುಗಿಯಿತು. ಪಕ್ಕಕ್ಕೆ ಬಿದ್ದರೆ ‘ಯೋನ್‌ಬೋಶ್’, ಅಂಥವು ಎರಡಾದರೆ ಒಂದು ಹಲಾಲ್. ಹೀಗಾಗಿ ಜುಡೊ ಬಲ್ಲವರು ತಮ್ಮ ಅರ್ಧ ವಿದ್ಯೆಯನ್ನು ಬದಿಗಿಟ್ಟು, ನಿಂತು ಒಗೆಯುವ ಇನ್ನರ್ಧವನ್ನೇ ಸಾಣೆ ಹಿಡಿಯಬೇಕಾಗುತ್ತದೆ.

ಒಂದು ಆಟದಿಂದ ಅದರ ಸೋದರ ಆಟಕ್ಕೆ ದಾಟುವುದು ಎಲ್ಲ ಕಡೆ ಸಲೀಸಾಗಿರಲಿಲ್ಲ. ರಗ್ಬಿ ಯೂನಿಯನ್‌ನಲ್ಲಿ ಫ್ರಾನ್ಸ್ ಪರ ಆಡಿದ್ದ ಜಾಂ ಗಾಲಿಯಾ 1934ರಲ್ಲಿ ಅಲ್ಲಿ ಅದರ ಸೋದರ ಆಟವಾದ ರಗ್ಬಿ ಲೀಗ್‌ಗೆ ನೆಲೆ ಒದಗಿಸಿದರು. 1941ರಲ್ಲಿ, ಎರಡನೇ ಮಹಾಯುದ್ಧದ ಕಾಲದ ಫ್ರಾನ್ಸಿನ ವಿಶಿ ಸರ್ಕಾರ ರಗ್ಬಿ ಲೀಗನ್ನೇ ನಿಷೇಧಿಸಿ ಆಸ್ತಿ ಕಸಿದುಕೊಂಡಿತು. ಜುಡೊ ಮತ್ತು ಕುರಾಶ್ ನಡುವೆ ಅಂಥ ಹಗೆತನವಿಲ್ಲ; ಭಾರತದ ಕುರಾಶ್ ಪಟುಗಳಲ್ಲಿ ಹಲವರು ಜುಡೊದಿಂದಲೇ ಬಂದವರು.

ಏಷ್ಯನ್ ಕ್ರೀಡಾಕೂಟಕ್ಕೆ ಕುರಾಶ್ ಮೊದಲ ಸಲ ಸೇರಿದ್ದು 2018ರ ಜಕಾರ್ತದಲ್ಲಿ. ಆಗಸ್ಟ್ 28ರಂದು ಮಲಪ್ರಭಾ ಸೆಮಿಫೈನಲ್ ತಲುಪಿ, ಉಜ್ಬೇಕಿಸ್ತಾನದ ಗುಲ್ನೋರ್ ಸುಲೈಮಾನೋವಾ ಎದುರು 0-10ರಿಂದ ಸೋತರು. ಸೋತದ್ದು ಆ ಕುಸ್ತಿ ಹುಟ್ಟಿದ ನಾಡಿನವರ ಕೈಲಿ. ಚಿನ್ನವೂ ಸುಲೈಮಾನೋವಾ ಅವರದ್ದೇ ಆಯಿತು. ಫೈನಲ್‌ನಲ್ಲಿ ಸುಲೈಮಾನೋವಾಗೆ ಮಣಿದ ದೆಹಲಿಯ ಪಿಂಕಿ ಬಲ್ಹಾರಾ ಬೆಳ್ಳಿ ಪಡೆದರು. ಒಂದೇ ತೂಕದ ವಿಭಾಗದಲ್ಲಿ ಭಾರತಕ್ಕೆ ಎರಡು ಪದಕ ಬಂದವು, ಕುರಾಶ್‌ನಲ್ಲಿ ದೇಶಕ್ಕೆ ಸಿಕ್ಕ ಮೊದಲ ಏಷ್ಯನ್ ಕ್ರೀಡಾಕೂಟದ ಪದಕಗಳು ಇವೇ.

ಕುರಾಶ್ ಒಲಿಂಪಿಕ್ ಕ್ರೀಡೆಯಲ್ಲ. ಅದರಿಂದಾಗಿ ಈ ಕಂಚಿಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ. ಬೆಳಗಾವಿಯ ಕ್ರೀಡಾ ಇತಿಹಾಸ ಬರೆಯುವವರು, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲರ ಹೆಸರಿನ ಜೊತೆಗೇ ತುರಮುರಿಯ ಈ ಹೆಣ್ಣುಮಗಳ ಹೆಸರನ್ನೂ ಬರೆಯಬೇಕು.