ಎಕ್ಸ್-ಮೆನ್ ಎಲ್ಲಿಂದ ಓದೋದು?

ಸಿನಿಮಾ ನೋಡಿದ್ವಿ, ಇನ್ನು ಕಾಮಿಕ್ಸ್ ಓದಬೇಕು, ಎಲ್ಲಿಂದ ಶುರು ಮಾಡ್ಲಿ ಅಕ್ಕಾ ಅಂತ ನಮ್ಮ ಮನೆ ಹುಡುಗರು ಮೂರ್ನಾಲ್ಕು ಜನ ಕೇಳಿದ್ದೀರಿ. ಎಲ್ಲರಿಗೂ ಸೇರಿ ಇಲ್ಲೇ ಬರೀತೀನಿ. ಮೊದಲನೇ ಸಂಚಿಕೆಯಿಂದ ಶುರು ಮಾಡಬೇಡಿ. 1975ರಿಂದ ಶುರು ಮಾಡಿ.

ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೇರಿ ಎಕ್ಸ್-ಮೆನ್ ತಂದಿದ್ದು 1963ರಲ್ಲಿ. ಹುಟ್ಟುವಾಗಲೇ ಬೇರೆ ಥರ ಇರುವ ಮಕ್ಕಳು, ಅವರನ್ನು ಕಂಡರೆ ಹೆದರುವ ಜನ, ಅವರಿಗೊಂದು ಶಾಲೆ. ಯೋಚನೆ ದೊಡ್ಡದು. ಆದರೆ ತಂಡದಲ್ಲಿದ್ದ ಐದೂ ಜನ ಬಿಳಿಯ ಅಮೆರಿಕನ್ನರು, ಕಥೆಗಳೂ ಸಾಧಾರಣ. ಬಾಲಮಂಗಳದ ಡಿಂಗನೇ ವಾಸಿ ಅನ್ನಿಸಿತ್ತು ನನಗೆ! 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆ ನಿಂತುಹೋಯ್ತು. ಆಮೇಲೆ 1975ರವರೆಗೆ ಹಳೆಯದನ್ನೇ ಮತ್ತೆ ಅಚ್ಚು ಹಾಕ್ತಾ ಇದ್ದರು.

1975ರಲ್ಲಿ ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರ ಬಿಡಿಸಿದ 'ಜೈಂಟ್-ಸೈಜ್ ಎಕ್ಸ್-ಮೆನ್' ಬಂತು. ಹಳೇ ತಂಡ ಒಂದು ದ್ವೀಪದಲ್ಲಿ ಸಿಕ್ಕಿಹಾಕಿಕೊಂಡಿದೆ. ಬಿಡಿಸಿಕೊಂಡು ಬರೋಕೆ ಪ್ರೊಫೆಸರ್ ದೇಶ ದೇಶ ಸುತ್ತಿ ಜನ ಸೇರಿಸ್ತಾರೆ: ಜರ್ಮನಿಯ ನೈಟ್‌ಕ್ರಾಲರ್, ಕೆನಡಾದ ವುಲ್ವರಿನ್, ಕೀನ್ಯಾದಿಂದ ಸ್ಟಾರ್ಮ್, ರಷ್ಯಾದ ಸಾಮೂಹಿಕ ಜಮೀನಿನಲ್ಲಿ ದುಡೀತಿದ್ದ ಕೊಲೋಸಸ್. ಕೆಲಸಕ್ಕೆ ಜನ ಸಾಲದಾದಾಗ ನಮ್ಮಂಥ ನರ್ಸ್‌ಗಳನ್ನ ಹೊರದೇಶದಿಂದ ಕರೆಸ್ತಾರಲ್ಲ, ಥೇಟ್ ಹಾಗೇ. ಸ್ಟಾರ್ಮ್‌ಗೆ ತನ್ನೂರಲ್ಲಿ ಜನ ದೇವತೆ ಅಂತ ಕೈ ಮುಗೀತಿದ್ದರು. ಇಲ್ಲಿ ಬಂದು ಅವಳು ಹೊಸಬಳು. ಈ ಸಂಕಟ ನನ್ನ ಜೊತೆ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಾದ ಕೂಡಲೇ ಕ್ರಿಸ್ ಕ್ಲೇರ್‌ಮಾಂಟ್ ಬರವಣಿಗೆ ವಹಿಸಿಕೊಂಡು 1991ರವರೆಗೆ ಒಬ್ಬರೇ ನಡೆಸಿದರು. ಅವರೂ ಲಂಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಜಾನ್ ಬರ್ನ್ ಚಿತ್ರಕ್ಕೆ ಬಂದಮೇಲಂತೂ ಪುಸ್ತಕ ಕೆಳಗಿಡೋಕಾಗಲ್ಲ. 1980ರ 'ಡಾರ್ಕ್ ಫೀನಿಕ್ಸ್' ಕಥೆಯಲ್ಲಿ ಜೀನ್ ಗ್ರೇ ಒಂದು ನಕ್ಷತ್ರವನ್ನೇ ನುಂಗಿ, ಒಂದು ಗ್ರಹದ ಐದು ನೂರು ಕೋಟಿ ಜೀವಗಳನ್ನು ಬಲಿ ತಗೊಳ್ತಾಳೆ. ಅವಳ ಶಕ್ತಿ ಕಿತ್ತುಕೊಂಡು ಬದುಕಿಸೋಣ ಅಂತ ಲೇಖಕರ ಲೆಕ್ಕ. ಮುಖ್ಯ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ, ಅಷ್ಟು ಜನರನ್ನ ಕೊಂದವಳಿಗೆ ಶಿಕ್ಷೆ ಆಗಲೇಬೇಕು ಅಂದರು. ಬರೆದಾಗಿದ್ದ ಕೊನೆ ಬದಲಾಗಿ ಅವಳು 137ನೇ ಸಂಚಿಕೆಯಲ್ಲಿ ಸಾಯ್ತಾಳೆ. ಶೂಟರ್ ಮಾಡಿದ್ದೇ ಸರಿ ಅಂತೀನಿ ನಾನು. ಸತ್ತವರಿಗೆ ಲೆಕ್ಕವೇ ಇಲ್ಲದ ಕಥೆ ನನಗೆ ರುಚಿಸಲ್ಲ.

ಇನ್ನೊಂದನ್ನ ನರ್ಸ್ ಆಗಿ ಹೇಳ್ತೀನಿ. 1990ರ ದಶಕದ ಕಥೆಗಳಲ್ಲಿ 'ಲೆಗಸಿ ವೈರಸ್' ಅನ್ನೋ ಕಾಯಿಲೆ ಬರುತ್ತೆ. ಮೊದಲು ಮ್ಯೂಟೆಂಟ್‌ಗಳಿಗೆ ಮಾತ್ರ. ಮಾಮೂಲಿ ಮನುಷ್ಯಳಾದ ಡಾಕ್ಟರ್ ಮೊಯಿರಾಗೂ ಅಂಟಿತು ಅಂದಾಗ ಅದು 'ಅವರ ಕಾಯಿಲೆ' ಅನ್ನೋ ಮಾತು ಬಿದ್ದುಹೋಗುತ್ತೆ. ಏಡ್ಸ್ ಕಾಲದಲ್ಲಿ ಬರೆದಿದ್ದು, ಓದಿದರೆ ಗೊತ್ತಾಗುತ್ತೆ. ಕೊಲೋಸಸ್‌ನ ಪುಟ್ಟ ತಂಗಿ ಇಲ್ಯಾನಾ ಅದರಲ್ಲೇ 1993ರಲ್ಲಿ ತೀರಿಕೊಳ್ತಾಳೆ. 1975ರ ಆ ಪುಸ್ತಕದಲ್ಲಿ ಟ್ರ್ಯಾಕ್ಟರ್ ಅಡಿಯಿಂದ ಅವನು ಉಳಿಸಿದ್ದ ಮಗುವೇ ಅವಳು. ದುಃಖ ತಡೀಲಾರದೆ ಅವನು ಶತ್ರು ಮ್ಯಾಗ್ನೆಟೋ ಜೊತೆ ಹೋಗಿಬಿಡ್ತಾನೆ. 2001ರಲ್ಲಿ ಔಷಧಿ ಸಿಕ್ಕಾಗ ಅದು ಎಲ್ಲರಿಗೂ ತಲುಪಲಿ ಅಂತ ತಾನೇ ಚುಚ್ಚಿಕೊಂಡು ಪ್ರಾಣ ಬಿಡ್ತಾನೆ. ಆಮೇಲೆ ಬದುಕಿ ಬರ್ತಾನೆ ಬಿಡಿ, ಕಾಮಿಕ್ಸ್ ಅಲ್ವಾ. ಆದರೆ ಮೊದಲ ಪುಸ್ತಕ ಓದದಿದ್ದರೆ ಆ ತಂಗಿ ಸಾವು ನಿಮಗೆ ತಟ್ಟೋದೇ ಇಲ್ಲ.

ಪುರುಸೊತ್ತು ಇಲ್ಲ ಅನ್ನೋರು 1982ರ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್' ಒಂದನ್ನೇ ಓದಿ. ಒಂದೇ ಪುಸ್ತಕದಲ್ಲಿ ಕಥೆ ಮುಗಿಯುತ್ತೆ, ಹಿಂದಿನದು ಗೊತ್ತಿರಬೇಕಿಲ್ಲ. ಧರ್ಮದ ಹೆಸರಲ್ಲಿ ದ್ವೇಷ ಹಂಚುವ ಪ್ರಚಾರಕನೇ ಅಲ್ಲಿ ಖಳ. ಮೊದಲ ಪುಟಗಳಲ್ಲೇ ಎರಡು ಮಕ್ಕಳ ಕೊಲೆ ಇದೆ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಉಳಿದವರು ಎಪಿಕ್ ಕಲೆಕ್ಷನ್‌ನ 'ಸೆಕೆಂಡ್ ಜೆನೆಸಿಸ್' ಸಂಪುಟ ತಗೊಳ್ಳಿ, 1975ರ ಪುಸ್ತಕ ಅದರಲ್ಲೇ ಮೊದಲಿಗಿದೆ. ನನ್ನ ಪ್ರತಿ ರಜೆಗೆ ಬರುವಾಗ ತರ್ತೀನಿ, ಮೊದಲು ಕೇಳಿದವರಿಗೆ.